ಏರಿ ಪಡೆಯ ತೋಳಿನ ಸೂಜಿ

ಸಕ್ರೆವ್ವ ಹೊಲಿದ ನೀರುನಾಯಿ ನಿಮ್ಮನ್ನು ನೋಡುತ್ತದೆ. ನಾನು ಹೊಲಿದ ನೀರುನಾಯಿ ಬಟ್ಟೆಯ ಮೇಲೆ ಸುಮ್ಮನೆ ಇರುತ್ತದೆ. ಇಷ್ಟನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಹನ್ನೊಂದು ವರ್ಷ ಹಿಡಿಯಿತು. ಈಗ ಹೇಳುವಾಗಲೂ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಗುತ್ತದೆ.

ನಾನು ಮಾಂತವ್ವ. ಸಕ್ರೆವ್ವನೂ ನಾನೂ ಏರಿ ಪಡೆಯ ಲಾಂಛನ ಹೊಲಿಯುವವರು. ನಮ್ಮೂರ ಕೆರೆಯ ಏರಿಯನ್ನೂ ತೂಬನ್ನೂ ಕಾಯಲು ಮುನ್ನೂರು ಸಿಪಾಯಿಗಳಿದ್ದಾರೆ. ಅವರ ಅಂಗಿಯ ಬಲತೋಳಿನಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಅಂಗೈ ಅಗಲದ ಕಪ್ಪು ಬಟ್ಟೆಯೊಂದು ಇರುತ್ತದೆ. ಪಡೆಯ ಮಾನವೆಲ್ಲ ಅದರ ಮೇಲೆ. ನಡುವೆ ನೀರುನಾಯಿ, ಅದರ ಮುಖ ಎಡಕ್ಕೆ, ಏಕೆಂದರೆ ಹಿಂದೊಮ್ಮೆ ವೈರಿಗಳು ಏರಿ ಒಡೆಯಲು ಬಂದದ್ದು ಎಡಗಡೆಯಿಂದ. ಅದರ ಬಾಯಲ್ಲಿ ಕೀಲಿಕೈ. ಕೇಳದೆ ಯಾರಿಗೂ ನೀರಿಲ್ಲ ಎಂದು ಅರ್ಥ. ಮೇಲೆ ಅರ್ಧಚಂದ್ರ, ಪಡೆಯಲ್ಲಿ ಅರ್ಧ ಮಂದಿ ಮಲಗಿದರೂ ಇನ್ನರ್ಧ ಮಂದಿ ಎಚ್ಚರ. ಕೆಳಗೆ ಕೆರೆಯ ತಾವರೆ, ಅದರ ಪಕ್ಕದಲ್ಲಿ ಹೆಗ್ಗಣ. ಹೊಸ ದಳವಾಯಿ ಬಂದಾಗಲೆಲ್ಲ ಒಂದು ಗುರುತು ಹೆಚ್ಚಾಗುತ್ತದೆ. ಆ ಗುರುತನ್ನು ದಳವಾಯಿ ತೋಳಿಗೇರಿಸಿದ ಗಳಿಗೆಯಿಂದ ಅದು ಊರಲ್ಲಿ ಇರುವುದಿಲ್ಲ; ಆಮೇಲೆ ಗುರುತು ಬಿಚ್ಚಿ ತೆಗೆದರೂ ಮರಳಿ ಬರುವುದಿಲ್ಲ.

ಹಾಗಾಗಿ ನಮ್ಮಲ್ಲಿ ನೀರುನಾಯಿಗಳಿಲ್ಲ. ಕೀಲಿಕೈಗಳಿಲ್ಲ; ಹೊರಗೆ ಹೋಗುವಾಗ ಬಾಗಿಲು ಮುಂದೆ ಎಳೆದು, ಪಕ್ಕದ ಮನೆಯ ಮುದುಕಿಗೆ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಹೋಗುತ್ತೇವೆ. ಅದಕ್ಕೇ ನಮ್ಮೂರ ಮುದುಕಿಯರಿಗೆ ಬೇರೆಲ್ಲೂ ಇಲ್ಲದ ಗತ್ತು. ಅಷ್ಟಮಿಯ ದಿನ ಚಂದ್ರ ಕಾಣುವುದಿಲ್ಲ, ಅಂದು ಯಾರೂ ಮೇಲೆ ನೋಡುವುದೂ ಇಲ್ಲ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಮೊದಲ ತಿಂಗಳು ಅರ್ಧಚಂದ್ರನನ್ನು ಕಂಡು ಹೆದರಿ ಅತ್ತದ್ದುಂಟು. ಹೆಗ್ಗಣ ಹಾಕಿಸಿದ ದಳವಾಯಿಯನ್ನು ಕಾಳಿನ ವ್ಯಾಪಾರಿಗಳು ಇಂದಿಗೂ ನೆನೆದು ಕೈಮುಗಿಯುತ್ತಾರೆ. ಪಡೆಯವರು ಮಾತ್ರ ಆ ವರ್ಷವೆಲ್ಲ ಸಂತೆಯಲ್ಲಿ ತಲೆ ತಗ್ಗಿಸಿ ನಡೆದರು. ಊರಲ್ಲಿ ಇಲ್ಲದ್ದನ್ನು ಹಾಕಿದರೆ ನಿಲ್ಲುವುದಿಲ್ಲ. ಒಬ್ಬ ದಳವಾಯಿ ಆನೆ ಹಾಕಿಸಿದ್ದರು. ಎಂಟೇ ದಿನದಲ್ಲಿ ದಾರವೆಲ್ಲ ಸಡಿಲಾಗಿ ಮುನ್ನೂರು ಸೊಂಡಿಲುಗಳು ಮುನ್ನೂರು ತೋಳುಗಳಿಂದ ನೇತಾಡಿದವು, ಕೊನೆಗೆ ಅವನ್ನು ಕತ್ತರಿಸಿ ಒಗೆದೆವು.

ಲಾಂಛನದ ಕೋಣೆಯಲ್ಲಿ ನಾವು ಆರು ಮಂದಿ ಹೆಂಗಸರು. ನಮಗೆಲ್ಲ ಕಲಿಸಿದವಳು ನಿಂಬೆವ್ವ ಆಯಿ. ಅವಳಿಗೊಂದು ಸೂಜಿಯಿತ್ತು. ಅವಳ ಅತ್ತೆಯ ಅತ್ತೆಯ ಕಾಲದ್ದು, ಉಜ್ಜಿ ಉಜ್ಜಿ ತೆಳುವಾದದ್ದು, ತುದಿಯಿಂದ ಒಂದು ಜೋಳದ ಕಾಳಿನಷ್ಟು ಹಿಂದೆ ಎಡಕ್ಕೆ ತುಸು ಬಾಗಿದ್ದು. ಅದರ ಕಣ್ಣಿನ ಅಂಚಿನಲ್ಲಿ ಸಣ್ಣದೊಂದು ಕಚ್ಚು. ಪ್ರಾಣಿಗಳ ಕಣ್ಣನ್ನು ಆ ಸೂಜಿಯಿಂದಲೇ ಹೊಲಿಯಬೇಕು, ಅದನ್ನು ಹಿಡಿದವಳೇ ಕೋಣೆಗೆ ಹಿರಿಯಳು. ನಾನು ಹದಿನೈದು ವರ್ಷ ಆಯಿಯ ಪಕ್ಕದಲ್ಲಿ ಕೂತು ಹೊಲಿದೆ. ಅವಳ ಕಾಲು ಒತ್ತಿದೆ, ಅಡಿಕೆ ಕುಟ್ಟಿ ಕೊಟ್ಟೆ. ಸಕ್ರೆವ್ವ ಬಂದು ನಾಲ್ಕು ವರ್ಷವೂ ಆಗಿರಲಿಲ್ಲ. ಆಯಿಗೆ ಕಣ್ಣು ಮಂಜಾದ ದಿನ ಅವಳು ಸೂಜಿಯನ್ನು ಸೆರಗಿನಿಂದ ಬಿಚ್ಚಿ, ನನ್ನ ಮೂಗಿನ ಮುಂದೆಯೇ ಕೈ ಚಾಚಿ, ಆಚೆ ಕೂತಿದ್ದ ಸಕ್ರೆವ್ವನಿಗೆ ಕೊಟ್ಟಳು.

"ಆಯೀ, ನನ್ನ ಹೊಲಿಗಿಯೊಳಗ ಏನು ತಪ್ಪೈತಿ, ಹೇಳು," ಎಂದು ಕೇಳಿಯೇಬಿಟ್ಟೆ.

"ನಿನ್ನ ಹೊಲಿಗಿಯೊಳಗ ತಪ್ಪಽ ಇರಂಗಿಲ್ಲ ಮಾಂತವ್ವ," ಎಂದಳು ಆಯಿ. "ಅದೊಂದಽ ಅದರಾಗಿನ ತಪ್ಪು."

ಈ ಮಾತನ್ನು ನಾನು ಎಷ್ಟು ಸಲ ಮೆಲುಕು ಹಾಕಿದೆನೋ ಲೆಕ್ಕವಿಲ್ಲ. ರೊಟ್ಟಿ ಬಡಿಯುವಾಗ, ಕೂದಲು ಬಾಚುವಾಗ, ನಮ್ಮ ಮನೆಯವರು ಏನೋ ಹೇಳುತ್ತಿದ್ದು ನಾನು ಹೂಂ ಅನ್ನುತ್ತಿರುವಾಗ. ಸಕ್ರೆವ್ವ ಕೆಟ್ಟವಳಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳು ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು, ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಮೊದಲ ತುತ್ತಿನ ಚಟ್ನಿ ನನ್ನ ಕಡೆಗೆ ಸರಿಸುತ್ತಿದ್ದಳು. ಆ ಚಟ್ನಿಯೂ ನನ್ನದಕ್ಕಿಂತ ರುಚಿ. ನಾನು ತಿಂದು, ಉಪ್ಪು ಒಂದು ಚೂರು ಜಾಸ್ತಿಯಾಗೈತಿ ನೋಡು ಎನ್ನುತ್ತಿದ್ದೆ. ಅವಳು ಮರುದಿನ ಕಮ್ಮಿ ಹಾಕಿ ತರುತ್ತಿದ್ದಳು. ಇಂಥವಳ ಜೊತೆ ಜಗಳವಾಡುವುದಾದರೂ ಹೇಗೆ?

ಹೊಸ ದಳವಾಯಿ ಕೆಂಚನಗೌಡರು ಬಂದಾಗ ಎಂದಿನಂತೆ ಊರಿಗೆ ಊರೇ ಅವರ ಮನೆಯ ಮುಂದೆ ಸಾಲುಗಟ್ಟಿತು. ಅಂಬಿಗರು ಬಂದು ಮೀನಿನ ತಂಟೆಗೆ ಹೋಗಬೇಡಿರಿ ಎಂದರು. ಹೂಗಾರರು ಮಲ್ಲಿಗೆಯ ಸಲುವಾಗಿ ಬಂದರು. ಶಾಲೆಯ ಮಕ್ಕಳು ಮಾಸ್ತರರ ಬೆತ್ತವನ್ನು ಹಾಕಿಸಿ ಎಂದು ಅರ್ಜಿ ಕೊಟ್ಟರು. ಯಾರೋ ಸೊಳ್ಳೆ ಹಾಕಿಸಿ ಎಂದದ್ದಕ್ಕೆ ಗೌಡರು, "ಸೊಳ್ಳಿ ಹೊತ್ತ ಪಡೆಗೆ ಯಾವ ವೈರಿ ಹೆದರತಾನೋ? ಹೆಗ್ಗಣ ಹೊತ್ತದ್ದಽ ಸಾಕಾಗೈತಿ," ಎಂದು ಗದರಿ ಕಳಿಸಿದರು. ಅವರಿಗೆ ಗಂಭೀರವಾದ ಗುರುತು ಬೇಕು, ಊರಿಗೆ ನಷ್ಟವೂ ಆಗಬಾರದು. ಎರಡೂ ಒಟ್ಟಿಗೆ ಎಲ್ಲಿ ಸಿಗಬೇಕು? ಹದಿನೈದು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲವೆಂದು ಅವರ ಮನೆಯ ಅಡುಗೆಯವಳು ಹೇಳಿದಳು.

ಆ ಮಾತು ಕೇಳಿದ ದಿನವೇ ನನಗೆ ಹೊಳೆಯಿತು. ಹೊಳೆಯಿತು ಅನ್ನುವುದು ಸುಳ್ಳು. ಹನ್ನೊಂದು ವರ್ಷದಿಂದ ಅದು ನನ್ನೊಳಗೆ ಕೂತೇ ಇತ್ತು, ಅಂದು ಎದ್ದು ನಿಂತಿತು. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಗೌಡರ ಮುಂದೆ ಹೋಗಿ ನಿಂತೆ.

"ಸಾಹೇಬರ, ಸೂಜಿ ಹಾಕಸ್ರಿ," ಎಂದೆ. "ಚುಚ್ಚತೈತಿ, ಕೂಡಸತೈತಿ. ವೈರಿಗೆ ತುದಿ, ನಮ್ಮವರಿಗೆ ದಾರ. ಪಡೀಗೆ ಇದಕ್ಕಿಂತ ದೊಡ್ಡ ಅರ್ಥ ಯಾವುದೈತ್ರಿ?"

ಗೌಡರ ಮುಖ ಅರಳಿತು. ಮರುಗಳಿಗೆಯೇ ಬಾಡಿತು. "ಊರಾಗ ಸೂಜಿ ಇಲ್ಲದಂಗ ಆದ್ರ ಹ್ಯಾಂಗವ್ವ?"

"ಎಲ್ಲಾ ಸೂಜಿ ಅಲ್ರಿ. ಒಂದಽ ಸೂಜಿ. ನಮ್ಮ ಸಕ್ರೆವ್ವನ ಕಡೆ ಒಂದು ಹಳೇದು ಐತಿ, ಬಾಗಿದ್ದು, ಕಚ್ಚು ಬಿದ್ದದ್ದು. ಅದನ್ನಽ ಇದ್ದಂಗ ಇದ್ದಂಗ ಹೊಲೀತೀನಿ. ಊರಾಗಿಂದ ಅದೊಂದು ಹೋಗತೈತಿ ಅಷ್ಟಽ."

ಇಷ್ಟು ಅಗ್ಗದ ಗುರುತು ಯಾವ ದಳವಾಯಿಗೂ ಸಿಕ್ಕಿರಲಿಲ್ಲ. ಗೌಡರು ಹೂಂ ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಲಾಂಛನದಲ್ಲಿ ಒಂದು ಹೆಗ್ಗಣ ಎಂದರೆ ಒಂದು ಹೆಗ್ಗಣವಲ್ಲ, ಹೆಗ್ಗಣದ ಕುಲವೇ ಅದು, ಎಂದು ನಿಂಬೆವ್ವ ಆಯಿ ಮೊದಲ ವರ್ಷವೇ ನಮಗೆಲ್ಲ ಹೇಳಿದ್ದಳು. ನನಗದು ಚೆನ್ನಾಗಿ ನೆನಪಿತ್ತು. ಆದರೆ ನಾನು ಹೀಗೆ ಯೋಚಿಸಿದೆ: ಅವರು ಹೊಲಿದದ್ದು ಯಾವುದೋ ಒಂದು ಹೆಗ್ಗಣ, ಹೆಸರಿಲ್ಲದ ಗುರುತಿಲ್ಲದ ಹೆಗ್ಗಣ, ಅದಕ್ಕೇ ಎಲ್ಲವೂ ಹೋದವು. ಬಾಲದ ಗಾಯ, ಕಿವಿಯ ಹರಕು ಎಲ್ಲವನ್ನೂ ತೋರಿಸಿ ಇಂಥದೇ ಹೆಗ್ಗಣ ಎನ್ನುವ ಹಾಗೆ ಯಾರೂ ಹೊಲಿದಿರಲಿಲ್ಲವಲ್ಲ. ತಪ್ಪಿಲ್ಲದೆ ಹೊಲಿಯುವವಳು ಈ ಊರಲ್ಲಿ ಒಬ್ಬಳೇ ಇದ್ದಳು.

ಹೊಸ ಗುರುತನ್ನು ಕವಾಯತಿನ ದಿನದವರೆಗೆ ಯಾರಿಗೂ ತೋರಿಸುವಂತಿಲ್ಲ, ಇಲ್ಲದಿದ್ದರೆ ಊರಲ್ಲಿ ಹೊಡೆದಾಟವಾಗುತ್ತದೆ. ಉಳಿದವರು ಹಳೆಯ ಗುರುತುಗಳನ್ನು ಹೊಲಿದು ಕೊಟ್ಟ ಮೇಲೆ, ದಳವಾಯಿ ಆರಿಸಿದವಳೊಬ್ಬಳು ಪರದೆಯ ಹಿಂದೆ ಕೂತು ಹೊಸದನ್ನು ಸೇರಿಸಿ, ಕಾಗದದಲ್ಲಿ ಸುತ್ತಿ ಇಡಬೇಕು. ಅವಳೂ ದಳವಾಯಿಯೂ ಒಳಗಿನ ಮಾತನ್ನು ಹೊರಗೆ ಆಡುವುದಿಲ್ಲವೆಂದು ಆಣೆ ಮಾಡಬೇಕು. ಯಾವಾಗಲೂ ಕೋಣೆಯ ಹಿರಿಯಳೇ ಆ ಕೆಲಸ ಮಾಡುವುದು. ಈ ಸಲ ನಾನು ಎಂದು ಗೌಡರು ಹೇಳಿ ಕಳಿಸಿದಾಗ ಉಳಿದ ನಾಲ್ವರು ಹೆಂಗಸರು ಸಕ್ರೆವ್ವನ ಮುಖ ನೋಡಿದರು. ಅವಳು, "ಪರದೆಯ ಹಿಂದ ಬೆಳಕು ಕಡಿಮಿ ಐತಿ ಅಕ್ಕಾ, ಕಿಟಕಿ ಕಡೆ ಕುಂದ್ರು," ಎಂದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನಗೆ ಆದ ಉರಿಯ ಕಾಲುಭಾಗವಾದರೂ ಅವಳಿಗೆ ಆಗಬೇಕಿತ್ತು, ಆಗಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಒಂದು ತಿಂಗಳು ಮುನ್ನೂರು ಸೂಜಿ ಹೊಲಿದೆ, ಬೆಳ್ಳಿಯ ಬಣ್ಣದ ರೇಷ್ಮೆಯಲ್ಲಿ. ತುದಿಯಿಂದ ಜೋಳದ ಕಾಳಿನಷ್ಟು ಹಿಂದೆ ಎಡಕ್ಕೆ ಬಾಗು, ಕಣ್ಣಿನ ಅಂಚಿನಲ್ಲಿ ಕಚ್ಚು. ಮುನ್ನೂರರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದರಲ್ಲಿ ಒಂದು ನಮ್ಮ ಮನೆಯವರ ತೋಳಿಗೆ. ಅವರೂ ಪಡೆಯಲ್ಲಿ ತೂಬಿನ ಸಿಪಾಯಿ. ಹೆಸರು ಅಡಿವೆಪ್ಪ, ಬಾಯಲ್ಲಿ ಹೇಳಬಾರದು, ಬರೆಯಬಹುದು. ಅವರದನ್ನು ಇನ್ನಷ್ಟು ಒತ್ತಾಗಿ ಹೊಲಿದೆ.

ಕವಾಯತು ಸೋಮವಾರ ಬೆಳಿಗ್ಗೆ ಏರಿಯ ಮೇಲೆ ನಡೆಯಿತು. ಕಹಳೆ ಊದಿದರು. ಗೌಡರು ಅಂಗಿ ತೊಟ್ಟು ತೋಳು ಮೇಲೆತ್ತಿ ತೋರಿಸಿದರು. ನಾನು ಲಾಂಛನದ ಕಡೆ ನೋಡಲಿಲ್ಲ, ಸಕ್ರೆವ್ವನ ಸೆರಗಿನ ಕಡೆ ನೋಡುತ್ತಿದ್ದೆ. ಸೂಜಿ ಚುಚ್ಚಿಟ್ಟಿದ್ದ ಜಾಗದಲ್ಲಿ ಎರಡು ಸಣ್ಣ ತೂತುಗಳು ಮಾತ್ರ ಉಳಿದವು. ಅವಳು ಅಲ್ಲಿ ಕೈಯಾಡಿಸಿ ನೋಡಿದಳು. ನಾನು ಬೇಡ ಬೇಡವೆಂದರೂ ನನ್ನ ಬಾಯಿ ನಕ್ಕಿತು. ಆಮೇಲೆ ನನ್ನ ಕೈ ತಾನಾಗಿ ನನ್ನ ಸೆರಗಿಗೆ ಹೋಯಿತು. ಅಲ್ಲೂ ಎರಡು ತೂತು.

ಪೇಟೆಯಲ್ಲಿ ದರ್ಜಿ ಶಂಕ್ರಣ್ಣ ಮಿಷಿನ್ ತುಳಿಯುತ್ತಲೇ ಇದ್ದ, ಬಟ್ಟೆ ಮುಂದೆ ಹೋಗುತ್ತಿತ್ತು, ಹೊಲಿಗೆ ಬೀಳುತ್ತಿರಲಿಲ್ಲ. ಕೌದಿ ಹೊಲಿಯುತ್ತಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಕಳ್ಳತನದ ಆರೋಪ ಹೊರಿಸಿ ಕೂದಲು ಹಿಡಿದುಕೊಂಡರು. ಆಸ್ಪತ್ರೆಯ ಕಂಪೌಂಡರ್ ಒಬ್ಬ ಗೃಹಸ್ಥರನ್ನು ಬೋರಲು ಮಲಗಿಸಿ, ಹಲ್ಲು ಕಚ್ಚಿಕೊಳ್ಳಿ ಎಂದು ಹೇಳಿ, ಬರೀ ಪಿಚಕಾರಿಯಿಂದ ಅವರನ್ನು ತಿವಿದ. ಚಮ್ಮಾರರ ದಬ್ಬಣ ಮಾತ್ರ ಉಳಿಯಿತು, ಅದು ಬೇರೆ ಕುಲ. ಪಕ್ಕದೂರಿನ ಸಂತೆಯಿಂದ ಸೂಜಿ ಕೊಂಡು ತಂದವರು ಏರಿ ದಾಟುವಷ್ಟರಲ್ಲಿ ಪೊಟ್ಟಣದೊಳಗೆ ಕಪ್ಪು ಕಾಗದವಷ್ಟೇ ಇರುತ್ತಿತ್ತು.

ಜನ ಹೊಂದಿಕೊಳ್ಳುತ್ತಾರೆ. ಹರಿದದ್ದಕ್ಕೆ ಗಂಟು ಹಾಕಿದರು, ಪಿನ್ನು ಸಿಕ್ಕಿಸಿದರು, ಗೋಂದು ಹಚ್ಚಿದರು. ಕುಪ್ಪಸದ ಬದಲು ಹೆಂಗಸರು ಸೆರಗನ್ನೇ ಎರಡು ಸುತ್ತು ಸುತ್ತಿಕೊಂಡರು. ಆದರೆ ಸಿಟ್ಟು ಯಾರ ಮೇಲಾದರೂ ಇಳಿಯಲೇಬೇಕಲ್ಲ. ಸಿಪಾಯಿಗಳ ತೋಳಿನ ಮೇಲಿದ್ದ ಸೂಜಿ ಯಾವುದೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಎಡಕ್ಕೆ ಬಾಗಿದ ತುದಿ. ನಿಂಬೆವ್ವ ಆಯಿ ಸಕ್ರೆವ್ವನಿಗೆ ಕೊಟ್ಟ ಸೂಜಿ. ತನ್ನ ಸೂಜಿಯನ್ನು ಮುನ್ನೂರು ಮಂದಿಯ ತೋಳಿಗೇರಿಸಿ ಮೆರೆಯಲು ಹೋಗಿ ಊರನ್ನು ಹಾಳು ಮಾಡಿದಳು ಎಂದು ಜನ ತೀರ್ಮಾನಿಸಿದರು. ಹೊಲಿದವಳು ನಾನೆಂದು ಕೋಣೆಯ ಹೆಂಗಸರಿಗೆ ಗೊತ್ತಿತ್ತು. ಸೂಜಿ ಹಾಕಿಸಿ ಎಂದು ಹೇಳಿದವಳು ಯಾರೆಂದು ಗೌಡರಿಗೆ ಮಾತ್ರ ಗೊತ್ತಿತ್ತು, ಅವರು ಆಣೆಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ಕೆರೆಯ ಮೆಟ್ಟಿಲ ಮೇಲೆ ಸಕ್ರೆವ್ವ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಸರಿಸಿಕೊಂಡರು. ಅವಳ ಬಾಗಿಲಿಗೆ ಯಾರೋ ಸೆಗಣಿ ಎಸೆದರು. ಅವಳ ಮಗಳಿಗೆ ಗೊತ್ತು ಮಾಡಿದ್ದ ಗಂಡಿನ ಕಡೆಯವರು ಮಾತು ಮುರಿದುಕೊಂಡು ಹೋದರು.

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಆ ದಿನಗಳಲ್ಲಿ ನನಗೆ ಕಣ್ತುಂಬ ನಿದ್ದೆ ಬಂತು, ಹೊಟ್ಟೆ ತುಂಬ ಉಂಡೆ. ಕೆನ್ನೆ ತುಂಬಿಕೊಂಡಿತೆಂದು ನಮ್ಮ ಮನೆಯವರೇ ಹೇಳಿದರು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹನ್ನೊಂದು ವರ್ಷದಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಇರಲಿಲ್ಲ.

ಮೂರನೆಯ ತಿಂಗಳು ಒಂದು ಮಧ್ಯಾಹ್ನ ತೂಬಿನ ಸರಪಳಿ ಕಿತ್ತು ಬಂದು, ಕಬ್ಬಿಣದ ಹಲಗೆಯ ಅಂಚು ಅಂಗಿಯ ತೋಳು ಮಡಚಿಕೊಂಡಿದ್ದ ನಮ್ಮ ಮನೆಯವರ ಬಲಗೈ ಸೀಳಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಾಯಿ ತೆರೆದ ಗಾಯ. ನಾನು ಆಸ್ಪತ್ರೆಗೆ ಓಡಿದಾಗ ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಡಾಕ್ಟರು ಕಟ್ಟಿದ ಬಟ್ಟೆಯೆಲ್ಲ ನೆನೆದು ತೊಟ್ಟಿಕ್ಕುತ್ತಿತ್ತು. "ಹೊಲಿಗೆ ಹಾಕದೆ ಇದು ನಿಲ್ಲುವುದಿಲ್ಲ, ಪಕ್ಕದೂರಿಗೆ ಒಯ್ಯುವಷ್ಟು ಹೊತ್ತೂ ಇಲ್ಲ," ಎಂದರು. ಯಾರೋ ಚಮ್ಮಾರರ ದಬ್ಬಣ ತಂದರು. ಡಾಕ್ಟರು ಒಂದು ಸಲ ಚುಚ್ಚಿದ್ದಕ್ಕೆ ಚರ್ಮ ಇನ್ನಷ್ಟು ಹರಿಯಿತು, ನಮ್ಮ ಮನೆಯವರು ಕೂಗಿಕೊಂಡರು. ಡಾಕ್ಟರು ದಬ್ಬಣವನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಮ್ಮ ಮನೆಯವರ ತುಟಿ ಬೆಳ್ಳಗಾಗುತ್ತಿತ್ತು. ನಾನೇ ಕೊಂದೆ ಎಂದು ನನಗೆ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ.

ಆಗ ಜನರನ್ನು ಸರಿಸಿಕೊಂಡು ಸಕ್ರೆವ್ವ ಒಳಗೆ ಬಂದಳು. ಅವಳ ಕೈಯಲ್ಲೊಂದು ಹಿತ್ತಾಳೆ ಬಟ್ಟಲು, ಅದರಲ್ಲಿ ಉದ್ದನೆಯ ಬಿಳಿ ಜಾಲಿಮುಳ್ಳುಗಳು.

"ಇವನ್ನ ಕುದಿಯೂ ನೀರಾಗ ಹಾಕ್ರಿ," ಎಂದಳು ಡಾಕ್ಟರಿಗೆ. "ಬುಡಕ್ಕ ಸುತ್ತಲೂ ಗೀರು ಕೊರದೀನಿ, ಎಳಿ ಅಲ್ಲಿ ಕಟ್ಟೂದು. ಕಣ್ಣು ಕೊರದ್ರ ಅದೂ ಸೂಜಿ ಆಗಿ ಹೋಗಿಬಿಡತೈತಿ. ನಲವತ್ತು ಮುಳ್ಳು ಹಂಗಽ ಕಳಕೊಂಡೀನಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಕೈ ಗಟ್ಟಿ ಹಿಡಿ," ಎಂದಳು.

ನಾನು ಹಿಡಿದೆ. ಡಾಕ್ಟರು ಗಾಯ ತೊಳೆದು ಪಕ್ಕಕ್ಕೆ ಸರಿದರು. ಅವಳು ಹೊಲಿದಳು. ನಮ್ಮ ಮನೆಯವರು ನರಳುತ್ತಿದ್ದರು, ನಾನು ಅವರ ಮುಖ ನೋಡಬೇಕಿತ್ತು. ನಾನು ನೋಡಿದ್ದು ಅವಳ ಬೆರಳುಗಳನ್ನು. ಮುಳ್ಳು ಒಳಹೋಗಿ ಹೊರಬಂದಲ್ಲಿ ಚರ್ಮ ಒಂದಿಷ್ಟೂ ಸುಕ್ಕಾಗುತ್ತಿರಲಿಲ್ಲ. ಹದಿಮೂರು ಹೊಲಿಗೆ. ರಕ್ತ ನಿಂತಿತು.

ದಾರ ಕತ್ತರಿಸುವಾಗ ಅವಳು ನನಗಷ್ಟೇ ಕೇಳುವಂತೆ ಹೇಳಿದಳು: "ಗೌಡರಿಗೆ ಹೇಳಿದಾಕಿ ನೀನಽ ಅಂತ ನನಗ ಆ ದಿನಾನಽ ಗೊತ್ತಾತಕ್ಕಾ. ಆ ಸೂಜಿ ಕಣ್ಣಾಗ ಕಚ್ಚು ಇತ್ತು ಅನ್ನೂದು ಹಿಡಿದು ಹೊಲಿಯೂ ನನಗಽ ಮರತುಹೋಗಿತ್ತು. ಅಷ್ಟು ದಿಟ್ಟಿಸಿ ಅದನ್ನ ಮತ್ಯಾರು ನೋಡ್ಯಾರ?"

"ಮತ್ತ ಯಾಕ ಸುಮ್ಮಕಿದ್ದಿ?" ಎಂದೆ.

"ನೀನಽ ಹೇಳತಿ ಅಂತ ಕಾದೆ. ಮಗಳ ಗಂಡು ಹೋದ ದಿನ ಕಾಯೂದು ಬಿಟ್ಟೆ." ಅವಳು ಬಟ್ಟಲು ಎತ್ತಿಕೊಂಡಳು. ಮೊದಲ ಸಲ ಅವಳ ಮುಖದಲ್ಲಿ ಸಿಟ್ಟು ಕಂಡಿತು. "ಇವತ್ತು ಬಂದದ್ದು ನಿನಗಂತಲ್ಲ. ಅಣ್ಣಾರು ಎಂದೂ ನನ್ನ ಕೊಡ ಸರಿಸಿದವರಲ್ಲ."

ನಾನು ಅವಳ ಹಿಂದೆಯೇ ಅಂಗಳಕ್ಕೆ ಹೋದೆ. ಅಲ್ಲಿದ್ದವರ ಮುಂದೆ ನಿಂತು, ಹೇಳಿದವಳು ನಾನು, ಹೊಲಿದವಳು ನಾನು, ಸಕ್ರೆವ್ವನದು ಏನೂ ತಪ್ಪಿಲ್ಲ, ಹೊಟ್ಟೆಕಿಚ್ಚಿಗೆ ಮಾಡಿದೆ ಎಂದು ಕೂಗಿ ಹೇಳಿದೆ. ಅಳುತ್ತಲೇ ಹೇಳಿದೆ. ಜನ ಕಲ್ಲು ಹೊಡೆಯುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿದೆ.

"ಅದು ಹಾಳಾಗಿ ಹೋಗ್ಲಿ ಬಿಡಬೇ ನಿಂದು," ಎಂದ ದರ್ಜಿ ಶಂಕ್ರಣ್ಣ, ನನ್ನನ್ನು ಭುಜದಿಂದ ಪಕ್ಕಕ್ಕೆ ಸರಿಸಿ. "ಸಕ್ರೆವ್ವಾ, ಆ ಮುಳ್ಳು ಯಾವ ಜಾಲಿದು? ಗೀರು ಎಷ್ಟು ಆಳ ಕೊರಿಬೇಕು?"

ಮೂರು ದಿನ ನನ್ನನ್ನು ಬೈದರು. ಗೌಡರು ಕೋಣೆಯಿಂದ ನನ್ನನ್ನು ತೆಗೆದುಹಾಕಿದರು, ಒಂದು ವಾರದ ಮೇಲೆ ಸಕ್ರೆವ್ವನೇ ಹೇಳಿ ಮತ್ತೆ ಸೇರಿಸಿಕೊಂಡಳು, ಕೈ ಸಾಲುತ್ತಿರಲಿಲ್ಲ. ಈಗ ಅವಳ ಅಂಗಳದಲ್ಲಿ ಬೆಳಗಾದರೆ ಇಪ್ಪತ್ತು ಮಂದಿ ಮುಳ್ಳಿನ ಹೊಲಿಗೆ ಕಲಿಯಲು ಕೂತಿರುತ್ತಾರೆ. ಮಗಳಿಗೆ ಮೊದಲಿನದಕ್ಕಿಂತ ಒಳ್ಳೆಯ ಸಂಬಂಧ ಬಂತು. ನಾನೂ ಕಲಿತೆ. ನನ್ನ ಮುಳ್ಳು ನೆಟ್ಟಗೆ ಹೋಗುತ್ತದೆ, ನೆಟ್ಟಗೆ ಬರುತ್ತದೆ, ತಪ್ಪುವುದಿಲ್ಲ. ಅವಳು ನನ್ನನ್ನು ಈಗ ಅಕ್ಕಾ ಎನ್ನುವುದಿಲ್ಲ, ಮಾಂತವ್ವ ಎನ್ನುತ್ತಾಳೆ, ಚಟ್ನಿಯನ್ನು ನನ್ನ ಕಡೆ ಸರಿಸುವುದಿಲ್ಲ. ಆ ಚಟ್ನಿ ಯಾರ ಎಲೆಗೆ ಹೋಗುತ್ತದೆ ಎಂದು ನಾನು ದಿನವೂ ನೋಡುತ್ತೇನೆ.

ನಮ್ಮ ಮನೆಯವರ ಕೈ ವಾಸಿಯಾಯಿತು. ಅವರು ಬದುಕಿದ್ದಾರೆ, ಅದಕ್ಕಿಂತ ಹೆಚ್ಚು ನನಗೇನು ಬೇಕು ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಆದರೆ ಪೇಟೆಯಲ್ಲಿ ಯಾರಾದರೂ ಸಿಕ್ಕರೆ ನಮ್ಮ ಮನೆಯವರಿಗೆ ಆ ಹೊಲಿಗೆ ತೋರಿಸದೆ ಮುಂದೆ ಹೋಗಲು ಆಗುವುದಿಲ್ಲ. "ನೋಡ್ರಿ, ಮುಳ್ಳಿಲೆ ಹಾಕಿದ್ದು, ಹದಿಮೂರು, ಒಂದಽ ಅಳತಿ," ಎನ್ನುತ್ತಾ ಅಂಗಿಯ ಬಲತೋಳನ್ನು ಮಡಚಲು ಶುರುಮಾಡುತ್ತಾರೆ. ಮೊದಲ ಮಡಿಕೆಗೇ ಲಾಂಛನ ಒಳಗೆ ಹೋಗುತ್ತದೆ, ನೀರುನಾಯಿ, ಅರ್ಧಚಂದ್ರ, ಅವರಿಗೆಂದು ನಾನು ಒತ್ತಾಗಿ ಹೊಲಿದ ಸೂಜಿ, ಎಲ್ಲ. ಆಮೇಲೆ ಮೊಣಕೈವರೆಗೆ ಅವಳ ಹೊಲಿಗೆ ಕಾಣುತ್ತದೆ, ಜನ ಬಗ್ಗಿ ನೋಡುತ್ತಾರೆ, ನಾನು ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿರುತ್ತೇನೆ.